ಕರ್ನಲ್‌ಗೆ ಮೊದಲ ಪ್ಯಾಚ್: ಬಿಲ್ಡ್‌ನಿಂದ ಮರ್ಜ್‌ವರೆಗೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಕೋಡ್ ಕೊಡಬೇಕೆಂದು ಹೊರಟವರಲ್ಲಿ ಹಲವರು ಷೆಡ್ಯೂಲರ್‌ನಿಂದಲೋ ಮೆಮೊರಿ ಮ್ಯಾನೇಜ್‌ಮೆಂಟ್‌ನಿಂದಲೋ ಓದಲು ಶುರುಮಾಡಿ, ಕೆಲವು ಸಾವಿರ ಸಾಲು ದಾಟುವಷ್ಟರಲ್ಲಿ ಕೈಚೆಲ್ಲುತ್ತಾರೆ. ಮೊದಲ ಪ್ಯಾಚ್‌ಗೆ, ಅಂದರೆ ಕಳಿಸುವ ಮೊದಲ ತಿದ್ದುಪಡಿಗೆ, ಅಷ್ಟು ಓದು ಬೇಕಿಲ್ಲ. ತಿದ್ದಿದ ಕರ್ನಲ್ ನಿಮ್ಮ ಕೈಯಲ್ಲೇ ಬಿಲ್ಡ್ ಆಗಿ ಬೂಟ್ ಆಗಬೇಕು. ಏಕೆ ತಿದ್ದಿದಿರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳಲು ಬರಬೇಕು. ಪ್ಯಾಚ್ ತಿರಸ್ಕೃತವಾಗುವುದು ಹೆಚ್ಚಾಗಿ ಈ ಎರಡರಲ್ಲಿ ಒಂದು ಕೈಕೊಟ್ಟಾಗ. ಸಿ ಭಾಷೆ ಬರುವುದಿಲ್ಲ ಎಂಬ ಕಾರಣಕ್ಕೆ ಬಿದ್ದುಹೋಗುವ ಮೊದಲ ಪ್ಯಾಚ್‌ಗಳು ಕಡಿಮೆ.

ಮೊದಲು ಸೋರ್ಸ್. ಲೈನಸ್ ಟೋರ್ವಾಲ್ಡ್ಸ್ ಅವರ ಮೇನ್‌ಲೈನ್ ಟ್ರೀಯನ್ನು, ಅಂದರೆ ಕರ್ನಲ್‌ನ ಮುಖ್ಯ ಸೋರ್ಸ್ ಸಂಗ್ರಹವನ್ನು, ಪೂರ್ತಿ ಇತಿಹಾಸದ ಸಮೇತ ಗಿಟ್‌ನಿಂದ ಕ್ಲೋನ್ ಮಾಡಿಕೊಳ್ಳಿ. ಹಲವು ಜಿಬಿ ಇಳಿಯುತ್ತದೆ ನಿಜ. ಡೆಪ್ತ್ 1 ಕೊಟ್ಟು ಚಿಕ್ಕದಾಗಿ ಇಳಿಸಿಕೊಂಡರೆ ಬಿಲ್ಡ್‌ಗೇನೋ ಸಾಕು, ಆದರೆ ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತೆಂದು ತೋರಿಸುವ ಗಿಟ್ ಬ್ಲೇಮ್ ಕೆಲಸಕ್ಕೆ ಬಾರದು, ದೋಷ ಯಾವ ಕಮಿಟ್‌ನಲ್ಲಿ ಹುಟ್ಟಿತೆಂದು ಹುಡುಕಲಾಗದು, ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತ ದೋಷ ಹುಡುಕುವ ಬೈಸೆಕ್ಟ್ ನಡೆಯದು. ಉಳಿಸಿದ ಡೇಟಾ ಆಮೇಲೆ ದುಬಾರಿಯಾಗುತ್ತದೆ. ಇನ್ನೊಂದು ವಿಷಯ: ಪ್ಯಾಚ್ ಅನ್ನು ಮೇನ್‌ಲೈನ್ ಮೇಲೆ ತಯಾರಿಸುವುದು ಅಪರೂಪ. ನೆಟ್‌ವರ್ಕಿಂಗ್‌ನಂಥ ಆಯಾ ಸಬ್‌ಸಿಸ್ಟಮ್‌ಗೆ (ಕರ್ನಲ್‌ನ ವಿಭಾಗಕ್ಕೆ) ತನ್ನದೇ ಟ್ರೀ ಇರುತ್ತದೆ. ಯಾವ ಭಾಗದ ಉಸ್ತುವಾರಿ ಯಾರದೆಂದು ಪಟ್ಟಿ ಮಾಡಿದ ಮೇಂಟೇನರ್ಸ್ ಫೈಲ್‌ನಲ್ಲಿ ‘ಟಿ’ ಅಕ್ಷರದ ಎದುರು ಅದರ ವಿಳಾಸ ಇರುತ್ತದೆ. ಅದನ್ನು ರಿಮೋಟ್ ಆಗಿ ಸೇರಿಸಿಕೊಂಡು, ಅದರ ಮೇಲೆ ಬ್ರ್ಯಾಂಚ್ ಮಾಡಿ.

ಪ್ಯಾಕೇಜ್‌ಗಳು: ಜಿಸಿಸಿ, ಮೇಕ್, ಫ್ಲೆಕ್ಸ್, ಬೈಸನ್, ಬಿ.ಸಿ., ಲಿಬ್‌ಎಲ್ಫ್ ಮತ್ತು ಓಪನ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಹೆಡರ್‌ಗಳು, ಮೆನುಕಾನ್ಫಿಗ್‌ಗೆ ಎನ್‌ಕರ್ಸಸ್. ಡಿಸ್ಟ್ರೋ (ಉಬುಂಟುವಿನಂಥ ಲಿನಕ್ಸ್ ವಿತರಣೆ) ಕಾನ್ಫಿಗ್‌ನಲ್ಲಿ ಬಿಟಿಎಫ್ ಡೀಬಗ್ ಮಾಹಿತಿ ಆನ್ ಆಗಿದ್ದರೆ ಅದನ್ನು ತಯಾರಿಸುವ ಪಾಹೋಲ್ ಕೂಡ ಬೇಕು. ಅದು ಹಲವು ಡಿಸ್ಟ್ರೋಗಳಲ್ಲಿ ಡ್ವಾರ್ವ್ಸ್ ಎಂಬ ಪ್ಯಾಕೇಜ್‌ನೊಳಗೆ ಇರುವುದರಿಂದ ಪಾಹೋಲ್ ಎಂಬ ಹೆಸರಿನಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಯಾವುದರ ಯಾವ ಆವೃತ್ತಿ ಕನಿಷ್ಠ ಎಂಬ ಪಟ್ಟಿ ಡಾಕ್ಯುಮೆಂಟೇಶನ್ ಫೋಲ್ಡರ್‌ನ ಪ್ರೋಸೆಸ್ ವಿಭಾಗದ ‘ಚೇಂಜಸ್’ ಫೈಲ್‌ನಲ್ಲಿದೆ.

ಕರ್ನಲ್‌ಗೆ ಏನೇನು ಸೇರಬೇಕೆಂದು ಆರಿಸುವ ಕಾನ್ಫಿಗ್ ಎಂಬಲ್ಲಿ ಹೊಸಬರ ಬಹಳಷ್ಟು ಸಮಯ ಹೋಗುತ್ತದೆ. ಈಗ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲ್ ಸಾಮಾನ್ಯವಾಗಿ ಬೂಟ್ ಫೋಲ್ಡರ್‌ನಲ್ಲಿ ಇರುತ್ತದೆ. ಅದನ್ನು ಸೋರ್ಸ್ ಫೋಲ್ಡರ್‌ಗೆ ‘ಡಾಟ್ ಕಾನ್ಫಿಗ್’ ಎಂಬ ಹೆಸರಿನಲ್ಲಿ ನಕಲು ಮಾಡಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕೊಟ್ಟರೆ ಹೊಸ ಆಯ್ಕೆಗಳಿಗೆಲ್ಲ ಡೀಫಾಲ್ಟ್ ತುಂಬಿಕೊಳ್ಳುತ್ತದೆ. ಇಷ್ಟಕ್ಕೇ ಬಿಲ್ಡ್ ಶುರುಮಾಡಿದರೆ ಜಗತ್ತಿನ ಹಾರ್ಡ್‌ವೇರ್‌ಗೆಲ್ಲ ಡ್ರೈವರ್ ಕಂಪೈಲ್ ಆಗುತ್ತ ಕೂರುತ್ತದೆ. ಡೀಬಗ್ ಮಾಹಿತಿಯೂ ಸೇರಿದರೆ ಬಿಲ್ಡ್ ಫೋಲ್ಡರ್ 20 ಜಿಬಿ ಮೀರುವುದು ಸಾಮಾನ್ಯ. ಹಾಗಾಗಿ ಮುಂದಿನ ಹೆಜ್ಜೆ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’. ಆ ಕ್ಷಣಕ್ಕೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಬೇಕಾದಾಗ ಕರ್ನಲ್‌ಗೆ ಸೇರುವ ತುಣುಕುಗಳು) ಉಳಿಸಿ ಮಿಕ್ಕದ್ದನ್ನು ಅದು ತೆಗೆದುಹಾಕುತ್ತದೆ. ‘ಆ ಕ್ಷಣಕ್ಕೆ’ ಎಂಬುದನ್ನು ಗಮನಿಸಿ: ಯುಎಸ್‌ಬಿ ಡ್ರೈವ್, ವೆಬ್‌ಕ್ಯಾಮ್, ಬ್ಲೂಟೂತ್ ಹೆಡ್‌ಫೋನ್ ಎಲ್ಲವನ್ನೂ ಮೊದಲೇ ಜೋಡಿಸಿ, ಒಮ್ಮೆ ಬಳಸಿ, ಆಮೇಲೆ ಈ ಆದೇಶ ಕೊಡಿ. ಇಲ್ಲದಿದ್ದರೆ ಹೊಸ ಕರ್ನಲ್‌ನಲ್ಲಿ ಪೆನ್‌ಡ್ರೈವ್ ಕಾಣಿಸುತ್ತಿಲ್ಲವೆಂದು ಇಲ್ಲದ ಬಗ್ ಹುಡುಕುತ್ತ ಕೂರಬೇಕಾಗುತ್ತದೆ.

ಡೆಬಿಯನ್ ಅಥವಾ ಉಬುಂಟು ಕಾನ್ಫಿಗ್ ತಂದವರಿಗೆ ಬಿಲ್ಡ್ ಒಂದು ಸರ್ಟಿಫಿಕೇಟ್ ಫೈಲ್ ಸಿಗುತ್ತಿಲ್ಲವೆಂದು ನಿಲ್ಲುತ್ತದೆ. ಡಿಸ್ಟ್ರೋದವರು ತಮ್ಮ ಕೀಲಿಗಳ ಫೈಲ್ ಹೆಸರನ್ನು ಕಾನ್ಫಿಗ್‌ನಲ್ಲಿ ಬರೆದಿರುತ್ತಾರೆ, ಆ ಫೈಲ್ ನಿಮ್ಮ ಸೋರ್ಸ್‌ನಲ್ಲಿ ಇರುವುದಿಲ್ಲ, ಅಷ್ಟೇ. ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿರುವ ‘ಕಾನ್ಫಿಗ್’ ಎಂಬ ಚಿಕ್ಕ ಸ್ಕ್ರಿಪ್ಟ್‌ನಿಂದ ಸಿಸ್ಟಮ್ ಟ್ರಸ್ಟೆಡ್ ಕೀಸ್, ಸಿಸ್ಟಮ್ ರಿವೊಕೇಶನ್ ಕೀಸ್ ಎರಡನ್ನೂ ಡಿಸೇಬಲ್ ಮಾಡಿದರೆ ಸಮಸ್ಯೆ ಮುಗಿಯಿತು.

ಬಿಲ್ಡ್ ಆದೇಶ ಮೇಕ್, ಹೈಫನ್ ಜೆ, ಪಕ್ಕದಲ್ಲಿ ನಿಮ್ಮ ಪ್ರೊಸೆಸರ್‌ನ ಕೋರ್ ಸಂಖ್ಯೆ. ಹಲವು ಕೆಲಸಗಳು ಒಟ್ಟಿಗೆ ನಡೆಯುವುದರಿಂದ ನಿಜವಾದ ತಪ್ಪಿನ ಸಂದೇಶ ನೂರಾರು ಸಾಲು ಮೇಲೆ ಹೋಗಿ, ಕೊನೆಯಲ್ಲಿ ‘ಎರರ್ 2’ ಎಂದಷ್ಟೇ ಉಳಿಯುತ್ತದೆ. ಆ ಕೊನೆಯ ಸಾಲನ್ನು ಹಿಡಿದು ಹುಡುಕಿ ಪ್ರಯೋಜನವಿಲ್ಲ. ಜೆ ಇಲ್ಲದೆ ಮತ್ತೊಮ್ಮೆ ಮೇಕ್ ಕೊಡಿ. ಎಲ್ಲಿ ಎಡವಿತೋ ಅಲ್ಲೇ ನಿಲ್ಲುತ್ತದೆ.

ಬೂಟ್ ಮಾಡಲು ಎರಡು ದಾರಿ. ದಿನದ ಕೆಲಸಕ್ಕೆ ವರ್ಚುವಲ್ ಯಂತ್ರ ಓಡಿಸುವ ಕ್ಯೂಎಂಯು ಒಳ್ಳೆಯದು. ಬಿಲ್ಡ್‌ನಿಂದ ಬಂದ ಕರ್ನಲ್ ಆದ ಬಿಝಡ್‌ಇಮೇಜ್ ಫೈಲನ್ನು ನೇರವಾಗಿ ಕೊಟ್ಟು, ಕನ್ಸೋಲ್ ಅನ್ನು ಸೀರಿಯಲ್ ಪೋರ್ಟ್‌ಗೆ ತಿರುಗಿಸಿ, ನೋಗ್ರಾಫಿಕ್ ಆಯ್ಕೆ ಹಾಕಿದರೆ ಟರ್ಮಿನಲ್‌ನಲ್ಲೇ ಬೂಟ್ ಸಂದೇಶಗಳು ಹರಿಯುತ್ತವೆ. ಹೊರಬರಲು ಕಂಟ್ರೋಲ್ ಎ ಒತ್ತಿ, ಬಿಟ್ಟು, ಎಕ್ಸ್. ರೂಟ್ ಫೈಲ್‌ಸಿಸ್ಟಮ್ ಕೊಡದಿದ್ದರೆ ‘ರೂಟ್ ಮೌಂಟ್ ಮಾಡಲಾಗುತ್ತಿಲ್ಲ’ ಎಂಬರ್ಥದ ಪ್ಯಾನಿಕ್ (ಕರ್ನಲ್ ಪೂರ್ತಿ ನಿಂತುಹೋಗುವ ದೋಷ) ಬರುತ್ತದೆ. ಗಾಬರಿ ಬೇಡ, ಕರ್ನಲ್ ತನ್ನ ಪಾಲಿನ ಕೆಲಸವನ್ನು ಬಹುತೇಕ ಮುಗಿಸಿದೆ ಎಂದೇ ಅದರ ಅರ್ಥ. ಈ ತಾಪತ್ರಯವೇ ಬೇಡವೆಂದರೆ ವರ್ಟ್‌ಮಿ-ಎನ್‌ಜಿ ಇದೆ. ಅದು ನಿಮ್ಮ ಯಂತ್ರದ ಫೈಲ್‌ಸಿಸ್ಟಮ್ ಅನ್ನೇ ವರ್ಚುವಲ್ ಯಂತ್ರಕ್ಕೆ ರೂಟ್ ಆಗಿ ತೋರಿಸುತ್ತದೆ; ತಿದ್ದು, ಬಿಲ್ಡ್, ಬೂಟ್ ಎಂಬ ಸುತ್ತು ತುಂಬಾ ಚಿಕ್ಕದಾಗುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಡ್ರೈವರ್ ಕೆಲಸಕ್ಕೆ ಮಾತ್ರ ನಿಜವಾದ ಯಂತ್ರವೇ ಬೇಕು. ಹಳೆಯ ಕರ್ನಲ್ ಅನ್ನು ಬೂಟ್ ವೇಳೆಯ ಗ್ರಬ್ ಮೆನುವಿನಿಂದ ತೆಗೆಯಬೇಡಿ. ಲೋಕಲ್ ವರ್ಷನ್ ಆಯ್ಕೆಯಲ್ಲಿ ಏನಾದರೂ ಗುರುತು ಹಾಕಿಕೊಂಡರೆ ‘ಯುನೇಮ್’ ಕೊಟ್ಟಾಗ ಯಾವುದು ಓಡುತ್ತಿದೆಯೆಂದು ಸಂಶಯ ಉಳಿಯುವುದಿಲ್ಲ. ಸೆಕ್ಯೂರ್ ಬೂಟ್ ಆನ್ ಆಗಿದ್ದರೆ ಸಹಿ ಇಲ್ಲದ ನಿಮ್ಮ ಕರ್ನಲ್ ಏಳುವುದೇ ಇಲ್ಲ. ಪ್ರಯೋಗದ ಯಂತ್ರದಲ್ಲಿ ಅದನ್ನು ಆಫ್ ಮಾಡಿ. ಬೂಟ್ ಪಾರ್ಟಿಶನ್ ತುಂಬಿಹೋಗುವುದು ಇನ್ನೊಂದು ಕಾಟ. ಮಾಡ್ಯೂಲ್ ಇನ್‌ಸ್ಟಾಲ್ ಮಾಡುವಾಗ ‘ಇನ್‌ಸ್ಟಾಲ್ ಮಾಡ್ ಸ್ಟ್ರಿಪ್’ ಬೆಲೆಯನ್ನು 1 ಎಂದು ಕೊಟ್ಟರೆ ಡೀಬಗ್ ಚಿಹ್ನೆಗಳು ಕಳಚಿ, ಬೂಟ್ ವೇಳೆ ಬಳಸುವ ಇನಿಟ್‌ರಾಮ್‌ಎಫ್‌ಎಸ್ ಫೈಲ್‌ನ ಗಾತ್ರ ಎಷ್ಟೋ ಪಟ್ಟು ಇಳಿಯುತ್ತದೆ. ಬೂಟ್ ಆದೊಡನೆ ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೇಜ್‌ನ ಎರರ್ ಮಟ್ಟದ ಸಾಲುಗಳನ್ನು ಫೈಲಿಗೆ ಉಳಿಸಿ. ತಿದ್ದುವ ಮುಂಚಿನದ್ದು, ತಿದ್ದಿದ ಮೇಲಿನದ್ದು ಎರಡನ್ನೂ ಡಿಫ್ ಮಾಡಿ ಹೋಲಿಸಿದರೆ ಹೊಸ ದೋಷ ಸೇರಿದೆಯೇ ಎಂದು ತಿಳಿಯುತ್ತದೆ.

ಮಾಡ್ಯೂಲ್ ಬರೆದು ಅಭ್ಯಾಸ ಮಾಡುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇನಿಟ್ ಮತ್ತು ಎಕ್ಸಿಟ್ ಫಂಕ್ಷನ್, ಪಿಆರ್ ಇನ್ಫೋದಲ್ಲಿ ಒಂದು ಸಾಲು, ಜಿಪಿಎಲ್ ಲೈಸೆನ್ಸ್ ಘೋಷಣೆ, ಸೇರಿಸಲು ಇನ್ಸ್‌ಮಾಡ್, ತೆಗೆಯಲು ಆರ್‌ಎಂಮಾಡ್. ಮೇಕ್‌ಫೈಲ್‌ನ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದರೆ ಓಡುತ್ತಿರುವ ಕರ್ನಲ್ ಒಂದು, ಬಿಲ್ಡ್ ಆದದ್ದು ಇನ್ನೊಂದಕ್ಕೆ. ಈ ಅಭ್ಯಾಸದ ಹೊತ್ತಿಗೆ ಕರ್ನಲ್‌ನೊಳಗಿನ ಸಿ ಭಾಷೆಯ ಕಟ್ಟುಪಾಡುಗಳು ಕೈಗೆ ಹತ್ತಬೇಕು: ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲ, ಫ್ಲೋಟಿಂಗ್ ಪಾಯಿಂಟ್ ಬಳಸುವಂತಿಲ್ಲ, 64 ಬಿಟ್ ಎಕ್ಸ್86ನಲ್ಲಿ ಪ್ರತಿ ಥ್ರೆಡ್‌ಗೆ ಸ್ಟ್ಯಾಕ್ 16 ಕೆಬಿ ಮಾತ್ರ. ಸ್ಪಿನ್‌ಲಾಕ್ (ನಿದ್ದೆ ಹೋಗುವಂತಿಲ್ಲದ ಲಾಕ್) ಹಿಡಿದಿರುವಾಗ ಜಿಎಫ್‌ಪಿ ಕರ್ನಲ್ ಎಂದು ಮೆಮೊರಿ ಕೇಳಿದರೆ ಆ ಕರೆ ನಿದ್ದೆಗೆ ಹೋಗಬಹುದು, ಅಲ್ಲಿ ಜಿಎಫ್‌ಪಿ ಅಟಾಮಿಕ್ ಬೇಕು. ಇಂಥ ತಪ್ಪು ಬಹಳ ಸಲ ಸುಮ್ಮನೆ ಪಾರಾಗಿಬಿಡುತ್ತದೆ. ಅದಕ್ಕೇ ಅಭ್ಯಾಸದ ಕರ್ನಲ್‌ನಲ್ಲಿ ನಿದ್ದೆ, ಲಾಕ್, ಮೆಮೊರಿಯ ತಪ್ಪುಗಳನ್ನು ಹಿಡಿಯುವ ಡೀಬಗ್ ಅಟಾಮಿಕ್ ಸ್ಲೀಪ್, ಪ್ರೂವ್ ಲಾಕಿಂಗ್, ಕೆಏಸ್ಯಾನ್ ಮೂರನ್ನೂ ಆನ್ ಇಡಿ. ಯಂತ್ರ ನಿಧಾನವಾಗುತ್ತದೆ, ಆಗಲಿ.

ಈಗ ಮುಖ್ಯ ಪ್ರಶ್ನೆ: ಏನನ್ನು ತಿದ್ದುವುದು?

ಎಲ್ಲರೂ ತೋರಿಸುವ ಬಾಗಿಲು ಡ್ರೈವರ್ಸ್ ಫೋಲ್ಡರ್‌ನ ಸ್ಟೇಜಿಂಗ್. ಇನ್ನೂ ಕರ್ನಲ್‌ನ ಮಟ್ಟಕ್ಕೆ ಬಾರದ ಡ್ರೈವರ್‌ಗಳು ಅಲ್ಲಿವೆ, ಬಹುತೇಕ ಪ್ರತಿಯೊಂದರಲ್ಲೂ ಬಾಕಿ ಕೆಲಸದ ಟುಡೂ ಫೈಲ್ ಇರುತ್ತದೆ. ಕೋಡ್‌ನ ಶೈಲಿ ತಪಾಸಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಅನ್ನು ಹೈಫನ್ ಎಫ್ ಆಯ್ಕೆಯೊಂದಿಗೆ ಯಾವುದಾದರೂ ಫೈಲ್ ಮೇಲೆ ಓಡಿಸಿದರೆ ಎಚ್ಚರಿಕೆಗಳ ಸಾಲೇ ಬರುತ್ತದೆ. ಅವುಗಳಲ್ಲಿ ತಿದ್ದಬೇಕಾದದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂಬ ವಿವೇಚನೆ ಸ್ಕ್ರಿಪ್ಟ್‌ಗೆ ಇಲ್ಲ. ಉದಾಹರಣೆಗೆ, ಸುಮ್ಮನೆ ಸುತ್ತುತ್ತ ಕಾಯುವ ಯುಡಿಲೇ ಬದಲು ನಿದ್ದೆ ಹೋಗಿ ಕಾಯುವ ಯುಸ್ಲೀಪ್ ರೇಂಜ್ ಬಳಸಿ ಎಂದು ಅದು ಸೂಚಿಸುತ್ತದೆ. ಎಷ್ಟು ಮೈಕ್ರೋಸೆಕೆಂಡ್‌ವರೆಗೆ ತಡವಾದರೆ ಆ ಚಿಪ್ ಸಹಿಸುತ್ತದೆ, ಆ ಜಾಗದಲ್ಲಿ ನಿದ್ದೆ ಮಾಡಬಹುದೇ ಎಂಬುದು ಹಾರ್ಡ್‌ವೇರ್ ಕೈಯಲ್ಲಿ ಇರುವವರಿಗಷ್ಟೇ ಪರೀಕ್ಷಿಸಲು ಸಾಧ್ಯ. ಊಹೆಯ ಮೇಲೆ ಬದಲಿಸಿದ ಇಂಥ ಪ್ಯಾಚ್‌ಗಳನ್ನು ಮೇಂಟೇನರ್‌ಗಳು ತಿರುಗಿಸಿ ಕಳಿಸುತ್ತಾರೆ. 100 ಅಕ್ಷರ ಮೀರಿದ ಸಾಲನ್ನು ಹೇಗೋ ಮುರಿದು ಮೊದಲಿಗಿಂತ ಓದಲು ಕಷ್ಟ ಮಾಡುವುದೂ ಇದೇ ಜಾತಿ. ಬಳಕೆಯಾಗದ ಫಂಕ್ಷನ್ ತೆಗೆಯುವುದು, ಎಲ್ಲೂ ಓದದ ವೇರಿಯಬಲ್ ತೆಗೆಯುವುದು, ಹಿಂತಿರುಗಿಸುವ ಎರರ್ ಕೋಡ್ ಸರಿಪಡಿಸುವುದು ಇದಕ್ಕಿಂತ ಬೆಲೆಯುಳ್ಳ ಕೆಲಸ.

ಸ್ಟೇಜಿಂಗ್‌ನಲ್ಲಿ ಜನಸಂದಣಿ ಇದೆ. ನೀವು ಹಿಡಿದ ಸಾಲನ್ನೇ ಇನ್ನೊಬ್ಬರು ನಿನ್ನೆ ತಿದ್ದಿ ಕಳಿಸಿರಬಹುದು. ಲೋರ್ ಎಂಬ ಕರ್ನಲ್ ಮೇಲ್ ಸಂಗ್ರಹದಲ್ಲಿ ಆ ಫೈಲ್‌ನ ಹೆಸರು ಹುಡುಕಿ ನೋಡಿ, ಮತ್ತು ಸ್ಟೇಜಿಂಗ್ ಟ್ರೀಯ ‘ಟೆಸ್ಟಿಂಗ್’ ಬ್ರ್ಯಾಂಚ್ ಮೇಲೆಯೇ ಕೆಲಸ ಮಾಡಿ. ಮೇನ್‌ಲೈನ್ ಮೇಲೆ ಮಾಡಿದ ಪ್ಯಾಚ್ ಅಲ್ಲಿ ಅಪ್ಲೈ ಆಗದೆ ಮರಳಿ ಬರುವುದು ತೀರಾ ಸಾಮಾನ್ಯ. ಸ್ಟೇಜಿಂಗ್ ಬಿಟ್ಟು ಹೊರಗೆ, ಚೆಕ್‌ಪ್ಯಾಚ್ ಹೇಳಿತೆಂಬ ಒಂದೇ ಕಾರಣಕ್ಕೆ ಹಳೆಯ ಕೋಡನ್ನು ತಿದ್ದಿ ಕಳಿಸಬೇಡಿ. ಬಹುತೇಕ ಸಬ್‌ಸಿಸ್ಟಮ್‌ಗಳಲ್ಲಿ ಅದಕ್ಕೆ ಸ್ವಾಗತವಿಲ್ಲ.

ಒಂದೆರಡು ಸಣ್ಣ ಪ್ಯಾಚ್ ಆದಮೇಲೆ ಸ್ಟೇಜಿಂಗ್‌ನಲ್ಲೇ ಕೂರಬಾರದು. ಬಿಲ್ಡ್‌ಗೆ ‘ಡಬ್ಲ್ಯೂ 1’ ಸೇರಿಸಿದರೆ ಹೆಚ್ಚುವರಿ ಎಚ್ಚರಿಕೆಗಳು, ಕರ್ನಲ್ ಡಾಕ್ ಟಿಪ್ಪಣಿಗಳಲ್ಲಿ ಬಿಟ್ಟುಹೋದ ಪ್ಯಾರಾಮೀಟರ್‌ಗಳು ಕಾಣುತ್ತವೆ. ‘ಸಿ 2’ ಕೊಟ್ಟರೆ, ಕೋಡ್ ಓಡಿಸದೆಯೇ ದೋಷ ಹುಡುಕುವ ಸ್ಪಾರ್ಸ್ ಎಂಬ ಉಪಕರಣ ಓಡುತ್ತದೆ. ಅದು ಹಿಡಿಯುವ ಎಂಡಿಯನ್ (ಬೈಟ್‌ಗಳ ಕ್ರಮದ) ಗೊಂದಲಗಳ ಹಿಂದೆ ಕೆಲವೊಮ್ಮೆ ನಿಜವಾದ ಬಗ್ ಅಡಗಿರುತ್ತದೆ. ಡೇಟಾದ ಪ್ರಕಾರವನ್ನು ಬಲವಂತವಾಗಿ ಬದಲಿಸುವ ಫೋರ್ಸ್ ಕಾಸ್ಟ್ ಹಾಕಿ ಸ್ಪಾರ್ಸ್‌ನ ಬಾಯಿ ಮುಚ್ಚಿಸಿದರೆ ಆ ಬಗ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಸಿಝ್‌ಬಾಟ್ ಎಂಬ ಗೂಗಲ್‌ನ ಫಝಿಂಗ್ (ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಪರೀಕ್ಷಿಸುವ) ವ್ಯವಸ್ಥೆ ವರದಿ ಮಾಡಿದ ಕ್ರ್ಯಾಶ್‌ಗಳಲ್ಲಿ ಹಲವಕ್ಕೆ ಸಿ ರೀಪ್ರೊಡ್ಯೂಸರ್ ಸಿಗುತ್ತದೆ, ಕ್ಯೂಎಂಯುನಲ್ಲೇ ಮರುಕಳಿಸಬಹುದು. ಅಲ್ಲಿನ ದೊಡ್ಡ ಆಮಿಷ, ಕ್ರ್ಯಾಶ್ ಆದ ಸಾಲಿನ ಮೇಲೆ ಒಂದು ನಲ್ ಚೆಕ್ ಹಾಕಿ ಕಳಿಸಿಬಿಡುವುದು. ಪಾಯಿಂಟರ್ ನಲ್ ಆದದ್ದು ಹೇಗೆ ಎಂಬುದು ವಿಮರ್ಶಕರ ಮೊದಲ ಪ್ರಶ್ನೆ. ಅದಕ್ಕೆ ಉತ್ತರವಿಲ್ಲದಿದ್ದರೆ ಪ್ಯಾಚ್ ಇಲ್ಲ.

ಎರರ್ ದಾರಿಗಳಲ್ಲಿ ಸೋರಿಕೆ, ಅಂದರೆ ಪಡೆದದ್ದನ್ನು ಬಿಡದೆ ಹೋದ ಜಾಗ, ಹುಡುಕುವುದು ಹೊಸಬರಿಗೆ ಪ್ರಿಯವಾದ ಇನ್ನೊಂದು ಕೆಲಸ. ಸಾಧನ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ ಕ್ಲಾಕ್ ಆನ್ ಮಾಡಿ, ಮುಂದೆ ಎಡವಿದಾಗ ಆಫ್ ಮಾಡದೆ ಹಿಂತಿರುಗುವ ಡ್ರೈವರ್‌ಗಳು ಇವೆ. ಗೋಟು ಲೇಬಲ್ ಸರಿಪಡಿಸುವುದು ನೇರ ಪರಿಹಾರ. ಕೆಲವರು ಒಂದೇ ಏಟಿಗೆ ಎಲ್ಲವನ್ನೂ, ಪಡೆದದ್ದನ್ನು ತಾನಾಗಿ ಬಿಡುವ ‘ಡೆವ್‌ಎಂ’ ಫಂಕ್ಷನ್‌ಗಳಿಗೆ ಬದಲಿಸಲು ಹೋಗುತ್ತಾರೆ. ಅಲ್ಲಿ ಒಂದು ಕುಣಿಕೆ ಇದೆ: ಡೆವ್‌ಎಂ ಮೂಲಕ ಪಡೆದದ್ದು, ಸಾಧನ ತೆಗೆದಾಗ ಓಡುವ ರಿಮೂವ್ ಫಂಕ್ಷನ್ ಮುಗಿದ ಮೇಲೆ ಬಿಡುಗಡೆಯಾಗುತ್ತದೆ. ಇಂಟರಪ್ಟ್ ಅನ್ನು ಡೆವ್‌ಎಂನಲ್ಲಿ ಪಡೆದು, ಅದರ ಹ್ಯಾಂಡ್ಲರ್ ಮುಟ್ಟುವ ಬಫರನ್ನು ರಿಮೂವ್‌ನೊಳಗೆ ಕೈಯಾರೆ ಫ್ರೀ ಮಾಡಿದರೆ, ಆ ನಡುವೆ ಬಂದ ಒಂದು ಇಂಟರಪ್ಟ್ ಸತ್ತ ಮೆಮೊರಿಯನ್ನು ಮುಟ್ಟುತ್ತದೆ. ಚಿಕ್ಕ ಸೋರಿಕೆ ತಿದ್ದಲು ಹೋಗಿ ಯೂಸ್ ಆಫ್ಟರ್ ಫ್ರೀ ತಂದಂತೆ. ಹಾಗಾಗಿ ಪಡೆದ ಕ್ರಮ, ಬಿಡುವ ಕ್ರಮ ಎರಡನ್ನೂ ಕಾಗದದ ಮೇಲೆ ಬರೆದು ನೋಡದೆ ಇಂಥ ಬದಲಾವಣೆಗೆ ಕೈಹಾಕಬಾರದು.

ನಿಮ್ಮದೇ ಯಂತ್ರದಲ್ಲಿ ಕೆಲಸ ಮಾಡದ ಸಾಧನವಿದ್ದರೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ. ಇರುವ ಡ್ರೈವರ್‌ಗೆ ಹೊಸ ಯುಎಸ್‌ಬಿ ಐಡಿ ಸೇರಿಸುವ ಪ್ಯಾಚ್ ಒಂದೇ ಸಾಲಿನದಿರಬಹುದು. ಕೋಡ್ ಮುಟ್ಟುವ ಮೊದಲೇ, ಡ್ರೈವರ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಡ್ರೈವರ್‌ನ ‘ನ್ಯೂ ಐಡಿ’ ಫೈಲ್‌ಗೆ ವೆಂಡರ್ ಮತ್ತು ಪ್ರಾಡಕ್ಟ್ ಸಂಖ್ಯೆ ಬರೆದು ಪರೀಕ್ಷಿಸಬಹುದು. ಪರೀಕ್ಷಿಸಿದ್ದೇನೆ ಎಂದು ಧೈರ್ಯವಾಗಿ ಬರೆಯಬಲ್ಲ ಪ್ಯಾಚ್‌ಗೆ ಇರುವ ತೂಕವೇ ಬೇರೆ.

ತಿದ್ದಿದ ಮೇಲೆ ಆ ಫೈಲ್ ನಿಜವಾಗಿ ಕಂಪೈಲ್ ಆಯಿತೇ ಎಂದು ನೋಡಿ. ಲೋಕಲ್‌ಮಾಡ್‌ಕಾನ್ಫಿಗ್ ಆ ಡ್ರೈವರನ್ನು ಆಫ್ ಮಾಡಿದ್ದರೆ ಮೇಕ್ ತಕರಾರಿಲ್ಲದೆ ಮುಗಿಯುತ್ತದೆ, ನಿಮ್ಮ ಫೈಲನ್ನು ಮುಟ್ಟಿಯೂ ಇರುವುದಿಲ್ಲ. ಪಕ್ಕದಲ್ಲಿ ಹೊಸ ಆಬ್ಜೆಕ್ಟ್ ಫೈಲ್ ಹುಟ್ಟಿದೆಯೇ ನೋಡುವುದು ಅರ್ಧ ನಿಮಿಷದ ಕೆಲಸ. ಕಂಪೈಲ್ ಆಗದ ಪ್ಯಾಚ್ ಕಳಿಸಿದವರು ಎಂಬ ಹೆಸರು ಹೋಗಲಾಡಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕಮಿಟ್ ಸಂದೇಶ. ಶೀರ್ಷಿಕೆಯ ಮುಂದೆ ಯಾವ ಪೂರ್ವಪದ ಹಾಕಬೇಕೆಂದು ಊಹಿಸಬೇಡಿ. ಆ ಫೈಲ್‌ನ ಗಿಟ್ ಲಾಗ್‌ನಲ್ಲಿ ಹಿಂದಿನವರು ಹಾಕಿದ್ದನ್ನೇ ಅನುಸರಿಸಿ. ಶೀರ್ಷಿಕೆ 70ರಿಂದ 75 ಅಕ್ಷರದೊಳಗೆ, ಆಜ್ಞೆಯ ರೂಪದಲ್ಲಿ ಇರಲಿ. ‘ಚೆಕ್‌ಪ್ಯಾಚ್ ಎಚ್ಚರಿಕೆ ಸರಿಪಡಿಸು’ ಎಂಬ ಶೀರ್ಷಿಕೆ ಸಾವಿರ ಪ್ಯಾಚ್‌ಗಳಿಗೆ ಹೊಂದುತ್ತದೆ, ಅಂದರೆ ಯಾವುದಕ್ಕೂ ಹೊಂದುವುದಿಲ್ಲ. ಏನು ಬದಲಾಯಿತೆಂದು ಹೇಳಿ. ಒಡಲಿನಲ್ಲಿ ಮೊದಲು ಸಮಸ್ಯೆ, ಅದರಿಂದ ಬಳಕೆದಾರರಿಗೆ ಆಗುವ ತೊಂದರೆ, ಆಮೇಲೆ ಪರಿಹಾರ, ಹೇಗೆ ಪರೀಕ್ಷಿಸಿದಿರಿ ಎಂಬುದು. ಕೋಡ್ ಏನು ಮಾಡುತ್ತದೆಂದು ಡಿಫ್ ನೋಡಿದರೇ ತಿಳಿಯುತ್ತದೆ, ಏಕೆ ಎಂಬುದು ಇಲ್ಲಿ ಮಾತ್ರ ಉಳಿಯುತ್ತದೆ. ಬಗ್ ತಿದ್ದಿದ್ದರೆ ಫಿಕ್ಸಸ್ ಸಾಲು ಬೇಕು: ದೋಷ ತಂದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ, ಆವರಣದಲ್ಲಿ ಅದರ ಪೂರ್ಣ ಶೀರ್ಷಿಕೆ. ಈ ಸಾಲು ಎಷ್ಟೇ ಉದ್ದವಾದರೂ ಮುರಿಯಬಾರದು, ಸ್ಕ್ರಿಪ್ಟ್‌ಗಳು ಅದನ್ನು ಒಂದೇ ಸಾಲಾಗಿ ಓದುತ್ತವೆ.

ಕೊನೆಯಲ್ಲಿ ಸೈನ್ಡ್ ಆಫ್ ಬೈ. ಗಿಟ್ ಕಮಿಟ್‌ಗೆ ಹೈಫನ್ ಎಸ್ ಕೊಟ್ಟರೆ ತಾನೇ ಸೇರುತ್ತದೆ. ಇದು ಬರೀ ಶಿಷ್ಟಾಚಾರವಲ್ಲ. ಲಿನಕ್ಸ್ ಕೋಡ್‌ನ ಮೂಲದ ಬಗ್ಗೆ 2003ರಲ್ಲಿ ಎಸ್‌ಸಿಒ ಕಂಪನಿ ಐಬಿಎಂ ವಿರುದ್ಧ ಮೊಕದ್ದಮೆ ಹೂಡಿದ ಹಿನ್ನೆಲೆಯಲ್ಲಿ, 2004ರಲ್ಲಿ ಈ ಪದ್ಧತಿ ಬಂತು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು; ನೌಕರಿಯಲ್ಲಿರುವವರು ತಮ್ಮ ಒಪ್ಪಂದ ಏನು ಹೇಳುತ್ತದೆಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಅನಾಮಧೇಯ ಹೆಸರು ನಡೆಯುವುದಿಲ್ಲ.

ಕಳಿಸುವುದು ಇಮೇಲ್‌ನಲ್ಲಿ. ಗಿಟ್ ಸೆಂಡ್‌ಇಮೇಲ್ ಹಲವು ಡಿಸ್ಟ್ರೋಗಳಲ್ಲಿ ಗಿಟ್ ಜತೆ ಬರುವುದಿಲ್ಲ, ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕು. ಜಿಮೇಲ್ ಆದರೆ ಪೋರ್ಟ್ 587, ಟಿಎಲ್‌ಎಸ್, ಮಾಮೂಲಿ ಪಾಸ್‌ವರ್ಡ್ ಬದಲು ಆ್ಯಪ್ ಪಾಸ್‌ವರ್ಡ್. ಎರಡು ಹಂತದ ಪರಿಶೀಲನೆ ಆನ್ ಮಾಡಿದ ಮೇಲಷ್ಟೇ ಅದು ಸಿಗುತ್ತದೆ. ಬ್ರೌಸರ್‌ನ ಮೇಲ್ ಪೆಟ್ಟಿಗೆಗೆ ಪ್ಯಾಚ್ ಅಂಟಿಸಿ ಕಳಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗುತ್ತವೆ, ಉದ್ದ ಸಾಲುಗಳು ಮುರಿಯುತ್ತವೆ, ಪ್ಯಾಚ್ ಸತ್ತಂತೆಯೇ. ಎಚ್‌ಟಿಎಂಎಲ್ ಮೇಲ್ ಆಗಿದ್ದರಂತೂ ಕರ್ನಲ್‌ನ ಲಿಸ್ಟ್‌ಗೆ ತಲುಪುವುದೇ ಇಲ್ಲ. ಅಡಿಯಲ್ಲಿ ಗೌಪ್ಯತೆಯ ಎಚ್ಚರಿಕೆ ತಾನಾಗಿ ಅಂಟಿಸುವ ಕಚೇರಿ ಸರ್ವರ್‌ಗಳೂ ಬೇಡ.

ಯಾರಿಗೆ ಕಳಿಸಬೇಕೆಂದು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ. ಮೊದಲು ನಿಮಗೇ ಕಳಿಸಿಕೊಳ್ಳಿ. ಬಂದ ಮೇಲನ್ನು ಉಳಿಸಿ, ಹೊಸ ಬ್ರ್ಯಾಂಚ್‌ನಲ್ಲಿ ಗಿಟ್ ಎಎಂ ಆದೇಶದಿಂದ ಅಪ್ಲೈ ಮಾಡಿ, ಬಿಲ್ಡ್ ಆಗುವುದೇ ನೋಡಿ. ಬಿ4 ಎಂಬ ಉಪಕರಣ ಈ ಗಡಿಬಿಡಿಯನ್ನೆಲ್ಲ ಸುಲಭ ಮಾಡಿದೆ: ವಿಳಾಸ ಸೇರಿಸುವುದು, ಆವೃತ್ತಿ ಸಂಖ್ಯೆ ಏರಿಸುವುದು, ‘ರಿಫ್ಲೆಕ್ಟ್’ ಆಯ್ಕೆಯಲ್ಲಿ ನಿಮಗೇ ಕಳಿಸಿ ತೋರಿಸುವುದು ಎಲ್ಲ ಅದರಲ್ಲೇ ಆಗುತ್ತದೆ. ಹಲವು ಪ್ಯಾಚ್‌ಗಳ ಸರಣಿಯಾದರೆ ಕವರ್ ಲೆಟರ್ ಬೇಕು, ಪ್ರತಿ ಪ್ಯಾಚ್ ತನ್ನಷ್ಟಕ್ಕೆ ಬಿಲ್ಡ್ ಆಗಬೇಕು. ನಡುವಿನ ಒಂದು ಮುರಿದಿದ್ದರೂ ನಾಳೆ ಯಾರದೋ ಬೈಸೆಕ್ಟ್ ಅಲ್ಲಿ ಸಿಕ್ಕಿಬೀಳುತ್ತದೆ.

ಕಳಿಸಿದ ಮೇಲೆ ಮೊದಲ ಉತ್ತರ ಬಹಳ ಸಲ ಯಂತ್ರದ್ದು. ಇಂಟೆಲ್‌ನ ಕರ್ನಲ್ ಟೆಸ್ಟ್ ರೋಬಾಟ್ ನಿಮ್ಮ ಪ್ಯಾಚನ್ನು ಹಲವು ಆರ್ಕಿಟೆಕ್ಚರ್‌ಗಳಲ್ಲಿ ಬಿಲ್ಡ್ ಮಾಡಿ ನೋಡುತ್ತದೆ. ನಿಮ್ಮಲ್ಲಿ ಸರಿಯಾಗಿದ್ದದ್ದು 32 ಬಿಟ್‌ನಲ್ಲಿ ‘ಯುಡಿವ್‌ಡಿಐ3’ ಸಿಗಲಿಲ್ಲವೆಂದು ಬಿದ್ದರೆ, 64 ಬಿಟ್ ಸಂಖ್ಯೆಯನ್ನು ನೇರವಾಗಿ ಭಾಗಿಸಿದ್ದೀರಿ ಎಂದರ್ಥ. ಆ ಜಾಗಕ್ಕೆ ಡಿವ್ ಯು64 ಬಳಸಿ. ಇದನ್ನು ಅದೇ ಪ್ಯಾಚ್‌ನ ಮುಂದಿನ ಆವೃತ್ತಿಯಲ್ಲಿ ಸರಿಪಡಿಸುವುದಾದರೆ ರೋಬಾಟ್ ಹೆಸರಿನ ರಿಪೋರ್ಟೆಡ್ ಬೈ ಸೇರಿಸಬೇಕಿಲ್ಲ. ಪ್ರತ್ಯೇಕ ಪ್ಯಾಚ್ ಆದರೆ ಮಾತ್ರ.

ಮನುಷ್ಯರ ಉತ್ತರ ಚುಟುಕಾಗಿರುತ್ತದೆ. ‘ಏಕೆ?’ ಎಂಬ ಒಂದೇ ಪದವೂ ಬರಬಹುದು, ಅದರಲ್ಲಿ ಕೋಪ ಹುಡುಕಬೇಕಿಲ್ಲ. ಅವರ ಪ್ರಶ್ನೆಯ ಕೆಳಗೇ ಉತ್ತರಿಸಿ, ಬೇಡದ ಭಾಗ ಕತ್ತರಿಸಿ, ಅವರ ಇಡೀ ಮೇಲ್‌ನ ತುದಿಯಲ್ಲಿ ಉತ್ತರ ಬರೆಯುವ ಅಭ್ಯಾಸ ಬಿಡಿ. ಒಪ್ಪದಿದ್ದರೆ ಕಾರಣ ಕೊಡಿ. ಮೌನವಾಗಿ ವಿ2 (ಎರಡನೇ ಆವೃತ್ತಿ) ಕಳಿಸಿ ಅವರ ಮಾತನ್ನು ಕಡೆಗಣಿಸಿದರೆ ಮುಂದಿನ ಪ್ಯಾಚ್ ಓದುವವರೇ ಇರುವುದಿಲ್ಲ. ಹೊಸ ಆವೃತ್ತಿಯಲ್ಲಿ ಏನು ಬದಲಾಯಿತೆಂಬ ಟಿಪ್ಪಣಿ ಸೈನ್ಡ್ ಆಫ್ ಸಾಲಿನ ಕೆಳಗಿನ ಮೂರು ಹೈಫನ್‌ಗಳ ಗೆರೆಯ ಆಚೆ ಬರಬೇಕು; ಗಿಟ್ ಅದನ್ನು ಕಮಿಟ್‌ಗೆ ಸೇರಿಸುವುದಿಲ್ಲ. ಅದನ್ನು ಮರೆತರೆ ಸ್ಟೇಜಿಂಗ್‌ನಲ್ಲಿ ಒಂದು ಬಾಟ್ ಕೂಡಲೇ ನೆನಪಿಸುತ್ತದೆ. ಯಾರಾದರೂ ರಿವ್ಯೂಡ್ ಬೈ ಕೊಟ್ಟಿದ್ದರೆ ಮುಂದಿನ ಆವೃತ್ತಿಗೆ ಸೇರಿಸಿಕೊಳ್ಳಿ, ಕೋಡ್ ಗಣನೀಯವಾಗಿ ಬದಲಾಗಿದ್ದರೆ ಬಿಟ್ಟುಬಿಡಿ. ಒಂದೇ ದಿನ ಮೂರು ಆವೃತ್ತಿ ಕಳಿಸುವ ಉತ್ಸಾಹ ಬೇಡ. ನೆಟ್‌ವರ್ಕಿಂಗ್‌ನವರು ಕನಿಷ್ಠ 24 ಗಂಟೆ ಬಿಡಬೇಕೆಂದು ಬರೆದೇ ಇಟ್ಟಿದ್ದಾರೆ.

ಉತ್ತರವೇ ಬಾರದಿದ್ದರೆ ಕನಿಷ್ಠ ಒಂದು ವಾರ ಕಾಯಬೇಕು, ಎರಡು ಮೂರು ವಾರವೂ ಅಸಹಜವಲ್ಲ. ಕ್ಯಾಲೆಂಡರ್ ಗೊತ್ತಿದ್ದರೆ ಈ ಮೌನ ಅರ್ಥವಾಗುತ್ತದೆ. ಕರ್ನಲ್ ಬಿಡುಗಡೆ 9-10 ವಾರಕ್ಕೊಮ್ಮೆ. ಅದರ ಮೊದಲ ಎರಡು ವಾರ ಮರ್ಜ್ ವಿಂಡೋ, ಆಗ ಮೇಂಟೇನರ್‌ಗಳು ತಮ್ಮ ಸಂಗ್ರಹವನ್ನು ಟೋರ್ವಾಲ್ಡ್ಸ್‌ಗೆ ಒಪ್ಪಿಸುವುದರಲ್ಲಿ ಇರುತ್ತಾರೆ. ನೆಟ್‌ವರ್ಕಿಂಗ್‌ನ ನೆಟ್-ನೆಕ್ಸ್ಟ್ ಟ್ರೀ ಆಗ ಹೊಸ ಪ್ಯಾಚ್‌ಗಳಿಗೆ ಮುಚ್ಚಿಯೇ ಇರುತ್ತದೆ. ಮರ್ಜ್ ವಿಂಡೋ ಮುಗಿದು ಮೊದಲ ಪರೀಕ್ಷಾ ಆವೃತ್ತಿಯಾದ ಆರ್‌ಸಿ1 ಬಂದ ಮೇಲೆ ಕಳಿಸಿದರೆ ಓದುವವರು ಸಿಗುತ್ತಾರೆ. ಆರ್‌ಸಿ6, ಆರ್‌ಸಿ7ರ ಹೊತ್ತಿಗೆ ಬಂದ ಸ್ವಚ್ಛತೆಯ ಪ್ಯಾಚ್‌ಗಳು ಹೆಚ್ಚಾಗಿ ಮುಂದಿನ ಸುತ್ತಿಗೆ ಹೋಗುತ್ತವೆ.

ಸೇರಿಸಿಕೊಂಡೆವು ಎಂಬ ಮೇಲ್ ಬಂದರೂ ಅದು ಆ ಸಬ್‌ಸಿಸ್ಟಮ್‌ನ ಟ್ರೀಗೆ ಮಾತ್ರ. ಅಲ್ಲಿಂದ, ಎಲ್ಲ ಟ್ರೀಗಳನ್ನು ಕೂಡಿಸಿ ನೋಡುವ ಲಿನಕ್ಸ್-ನೆಕ್ಸ್ಟ್, ಅಲ್ಲಿ ಬೇರೆಯವರ ಬದಲಾವಣೆಗಳ ಜತೆ ಡಿಕ್ಕಿಯಾಗದಿದ್ದರೆ ಮುಂದಿನ ಮರ್ಜ್ ವಿಂಡೋದಲ್ಲಿ ಮೇನ್‌ಲೈನ್. ಬಗ್ ತಿದ್ದುವ ಪ್ಯಾಚ್ ಆಗಿ, ಫಿಕ್ಸಸ್ ಜತೆಗೆ ಸ್ಟೇಬಲ್ ಟ್ಯಾಗ್ ಇದ್ದರೆ ಹಳೆಯ ಕರ್ನಲ್‌ಗಳಿಗೂ ಇಳಿಯುತ್ತದೆ. ಅಪ್ಲೈ ಆಗದ ಆವೃತ್ತಿಗಳಿಗೆ ನೀವೇ ಬ್ಯಾಕ್‌ಪೋರ್ಟ್ ಮಾಡಿ ಕೊಡಿ ಎಂಬ ಮೇಲ್ ಬರಬಹುದು. ಅಲ್ಲಿಂದಾಚೆಗೂ ಆ ಕಮಿಟ್ ನಿಮ್ಮದೇ. ಅದರಲ್ಲಿ ದೋಷ ಕಂಡವರು ತಮ್ಮ ಪ್ಯಾಚ್‌ನ ಫಿಕ್ಸಸ್ ಸಾಲಿನಲ್ಲಿ ಅದರ ಹ್ಯಾಶ್ ಬರೆಯುತ್ತಾರೆ, ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಆ ಹ್ಯಾಶ್‌ನಿಂದ ನಿಮ್ಮ ವಿಳಾಸ ತೆಗೆದು ಸಿಸಿಗೆ ಹಾಕುತ್ತದೆ. ಹಾಗಾಗಿ ಸೈನ್ಡ್ ಆಫ್‌ಗೆ ಕೊಟ್ಟ ಇಮೇಲ್, ಕೆಲಸ ಬದಲಿಸಿದರೂ ನಿಮ್ಮ ಕೈಯಲ್ಲೇ ಉಳಿಯುವಂಥದ್ದಾಗಿರಲಿ.